ಗುಂಜಿಯ ಹಾದಿಯಲ್ಲಿ ಖಲೀಫರ ನೆನಪು

ಲೋಂಡಾ ಜಂಕ್ಷನ್ನನ್ನು ಬಿಟ್ಟು ಬೆಳಗಾವಿಯತ್ತ ಮುಖಮಾಡಿದ ರೈಲುಗಾಡಿಯ ಎರಡು ಮಗ್ಗುಲಲ್ಲಿಯೂ ಕಾಡು ಕವಿದುಕೊಳ್ಳುತ್ತದೆ. ಮತ್ತಿ, ನಂದಿ, ತೇಗ, ನಡುನಡುವೆ ಬಿದಿರ ಮೆಳೆ. ಈ ಹಸುರಿನ ನಡುವೆ, ಲೋಂಡಾ ಮತ್ತು ಖಾನಾಪುರಗಳ ಮಧ್ಯದಲ್ಲಿ, ಒಂದು ಸಣ್ಣ ನಿಲ್ದಾಣ ಕಣ್ಣಿಗೆ ಬೀಳುತ್ತದೆ. ಅದೇ ಗುಂಜಿ. ದೂರದೂರಿನ ವೇಗದ ಗಾಡಿಗಳು ಬಹುಮಟ್ಟಿಗೆ ನಿಲ್ಲದೆಯೇ ದಾಟಿಹೋಗುತ್ತವೆ. ಅಕ್ಕಸಾಲಿಗರ ತಕ್ಕಡಿಯಲ್ಲಿ ಗುಂಜಿಯೆಂದರೆ ಅತಿ ಸಣ್ಣ ತೂಕ, ಒಂದು ಗುಲಗಂಜಿಯ ಭಾರ. ಹೆಸರಿನ ಈ ಹೊಂದಿಕೆ ಆಕಸ್ಮಿಕವೇ ಇರಲಿ, ಊರಿಗೆ ಅದು ಒಪ್ಪುತ್ತದೆ.

ಊರು ಸಣ್ಣದಾದರೂ ಸುತ್ತಣ ಸೀಮೆಗೆ ಅಪರಿಚಿತವಲ್ಲ. ಇಲ್ಲಿಯ ಮಾವುಲಿ ದೇವಿಯ ಜಾತ್ರೆಗೆ ಖಾನಾಪುರ ತಾಲ್ಲೂಕಿನ ಹಳ್ಳಿಹಳ್ಳಿಗಳಿಂದ ಜನ ಬರುತ್ತಾರೆ. ಮರಾಠಿ, ಕನ್ನಡ ಎರಡೂ ಕಿವಿಗೆ ಬೀಳುತ್ತವೆ. ಮಳೆಗಾಲದಲ್ಲಿ ಹೆಂಚಿನ ಮಾಡುಗಳ ಮೇಲೆ ವಾರಗಟ್ಟಲೆ ಮಳೆ ಸುರಿಯುತ್ತದೆ. ಮಳೆ ಹಿಂದೆಗೆದ ಮೇಲೆ ಭತ್ತದ ಗದ್ದೆಗಳು ಬಂಗಾರವಾಗುತ್ತವೆ. ಗುಂಜಿ ಯಾವ ಅರಸನ ರಾಜಧಾನಿಯೆಂದೂ ಹೆಸರು ಪಡೆದುದಲ್ಲ. ಆದರೆ ಅದರ ಅನತಿ ದೂರದಲ್ಲಿಯೇ ಕದಂಬರು ಪಲಾಶಿಕವೆಂದು ಕರೆದ ಹಲಸಿ ಇದೆ. ಗಾಡಿ ಮುಂದುವರಿದರೆ ಮಲಪ್ರಭೆಯ ದಡದ ಖಾನಾಪುರ. ಆಮೇಲೆ ಕೋಟೆಯ ಊರಾದ ಬೆಳಗಾವಿ. ಅರಸರು ಕುಳಿತ ಊರುಗಳ ಹೊಸ್ತಿಲಲ್ಲಿ ತಾನು ಮಾತ್ರ ಅರಸೊತ್ತಿಗೆಯಿಲ್ಲದೆ ನಿಂತ ಊರು ಗುಂಜಿ.

1924ರ ಡಿಸೆಂಬರಿನ ಚಳಿಯಲ್ಲಿ ಈ ಹಳಿಗಳ ಮೇಲೆ ಎಂದೂ ಕಾಣದ ಜನಸಂದಣಿ ಹರಿಯಿತು. ಬೆಳಗಾವಿಯಲ್ಲಿ ಕಾಂಗ್ರೆಸ್ ಮಹಾಧಿವೇಶನ. ಮಹಾತ್ಮಾ ಗಾಂಧಿಯವರದೇ ಅಧ್ಯಕ್ಷತೆ. ಧಾರವಾಡ, ಹುಬ್ಬಳ್ಳಿ, ಮೈಸೂರು, ಮದರಾಸುಗಳ ಕಡೆಯಿಂದ ರೈಲಿನಲ್ಲಿ ಹೊರಟವರು ಆಗ ಅಳ್ನಾವರ ಹಾದು, ಲೋಂಡಾ ಸೇರಿ, ಗುಂಜಿಯ ಕಾಡನ್ನು ದಾಟಿಯೇ ಬೆಳಗಾವಿ ಮುಟ್ಟಬೇಕಾಗಿತ್ತು. ಖಾದಿಯ ಟೋಪಿಗಳ ನಡುವೆ ಅರ್ಧಚಂದ್ರದ ಗುರುತು ಧರಿಸಿದ ಖಿಲಾಫತ್ ಚಳವಳಿಯವರೂ ಬೆಳಗಾವಿಗೆ ಬಂದಿಳಿದರು. ಅವರ ಮನಸ್ಸಿನಲ್ಲಿ ಒಂದು ದೊಡ್ಡ ತೊಡಕು ಇತ್ತು. ಯಾವ ಪೀಠದ ರಕ್ಷಣೆಗಾಗಿ ಅವರು ಸೆರೆಮನೆ ಕಂಡಿದ್ದರೋ ಆ ಪೀಠವೇ ಒಂಬತ್ತು ತಿಂಗಳ ಹಿಂದೆ ಇಲ್ಲವಾಗಿತ್ತು. 1924ರ ಮಾರ್ಚ್ 3ರಂದು ತುರ್ಕಿಯ ರಾಷ್ಟ್ರಸಭೆ ಖಲೀಫರ ಪದವಿಯನ್ನು ರದ್ದುಮಾಡಿಬಿಟ್ಟಿತ್ತು.

ಆ ಪೀಠ ಎಲ್ಲಿ ಹುಟ್ಟಿತು? ಎಲ್ಲೆಲ್ಲಿ ಸಂಚರಿಸಿತು? ಕನ್ನಡ ನಾಡಿಗೂ ಅದಕ್ಕೂ ಏನು ಸಂಬಂಧ? ಬೆಳಗಾವಿಯ ಹಾದಿ ಹಿಡಿದವನಿಗೆ ಈ ಕಥೆ ತಿಳಿದಿದ್ದರೆ ಕಿಟಕಿಯಾಚೆಯ ನೋಟಕ್ಕೆ ಬೇರೆಯೇ ಒಂದು ಅರ್ಥ ಬರುತ್ತದೆ.

ಖರ್ಜೂರದ ಗರಿಗಳ ಕೆಳಗೆ

ಕ್ರಿ. ಶ. 632ರಲ್ಲಿ ಪೈಗಂಬರ್ ಮುಹಮ್ಮದರು ಮದೀನೆಯಲ್ಲಿ ದೇಹ ಬಿಟ್ಟಾಗ ಅವರ ಅನುಯಾಯಿಗಳ ಮುಂದೆ ಉತ್ತರಾಧಿಕಾರದ ಪ್ರಶ್ನೆ ನಿಂತಿತು. ಹಿರಿಯರು ಚರ್ಚಿಸಿ ಅಬೂಬಕರ್ ಅವರನ್ನು ಆರಿಸಿದರು. ‘ಖಲೀಫ’ ಎಂದರೆ ಉತ್ತರಾಧಿಕಾರಿ, ಪ್ರತಿನಿಧಿ. ಅಬೂಬಕರ್ ಬಟ್ಟೆಯ ವ್ಯಾಪಾರಿಗಳು. ಖಲೀಫರಾದ ಮರುದಿನವೂ ಅವರು ಬಟ್ಟೆಯ ಗಂಟನ್ನು ಹೆಗಲಿಗೇರಿಸಿ ಪೇಟೆಗೆ ಹೊರಟರೆಂದೂ, ರಾಜ್ಯದ ಕೆಲಸ ಕೆಡುವುದೆಂದು ಜೊತೆಯವರು ತಡೆದು ಬೊಕ್ಕಸದಿಂದ ಅವರ ಸಂಸಾರಕ್ಕೆ ಸಾಕಾಗುವಷ್ಟು ವೇತನ ಗೊತ್ತುಮಾಡಿದರೆಂದೂ ಪರಂಪರೆ ಹೇಳುತ್ತದೆ. ಆಡಳಿತ ನಡೆದ ಸ್ಥಳವೂ ಅಷ್ಟೇ ಸರಳ. ಮದೀನೆಯ ಮಸೀದಿಗೆ ಹಸಿ ಇಟ್ಟಿಗೆಯ ಗೋಡೆ, ಖರ್ಜೂರದ ಕಾಂಡದ ಕಂಬ, ಖರ್ಜೂರದ ಗರಿಯ ಮಾಡು. ಪ್ರಾರ್ಥನೆ, ನ್ಯಾಯ, ದಂಡಯಾತ್ರೆಯ ಆಲೋಚನೆ ಎಲ್ಲವೂ ಅಲ್ಲಿಯೇ.

634ರಲ್ಲಿ ಅಬೂಬಕರ್ ತೀರಿಕೊಂಡು ಉಮರ್ ಖಲೀಫರಾದರು. ಕನ್ನಡಿಗರಿಗೆ ಈ ವರ್ಷ ಚಿರಪರಿಚಿತ. ಐಹೊಳೆಯ ಮೇಗುತಿ ಬಸದಿಯ ಗೋಡೆಯಲ್ಲಿ ಇಮ್ಮಡಿ ಪುಲಕೇಶಿಯ ದಿಗ್ವಿಜಯವನ್ನು ರವಿಕೀರ್ತಿ ಕೆತ್ತಿಸಿದ್ದು ಆ ವರ್ಷವೇ. ಮಲಪ್ರಭೆ ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ ಹುಟ್ಟಿ ಐಹೊಳೆಯ ಮಗ್ಗುಲಲ್ಲಿಯೇ ಹರಿಯುತ್ತದೆ. ಆ ನದಿಯ ಕೆಳದಂಡೆಯಲ್ಲಿ ಒಬ್ಬ ಸಾರ್ವಭೌಮನ ಕೀರ್ತಿ ಕಲ್ಲಿಗಿಳಿಯುತ್ತಿದ್ದಾಗ, ಅರಬ್ಬಿ ಕಡಲಿನಾಚೆ ಮಣ್ಣಿನ ಗೋಡೆಯ ಮಸೀದಿಯಲ್ಲಿ ಕುಳಿತ ಉಮರರ ಸೈನ್ಯಗಳು ಇರಾಕು, ಸಿರಿಯಾಗಳತ್ತ ಸಾಗಿದ್ದವು. ಹತ್ತು ವರ್ಷಗಳೊಳಗೆ ಪರ್ಷಿಯದ ಸಾಮ್ರಾಜ್ಯ ಮುರಿದುಬಿತ್ತು. ಸಿರಿಯಾ, ಈಜಿಪ್ಟುಗಳು ರೋಮಕ ಚಕ್ರವರ್ತಿಯ ಕೈತಪ್ಪಿದವು.

ಗೆದ್ದ ನಾಡನ್ನು ಆಳುವುದು ಗೆಲ್ಲುವುದಕ್ಕಿಂತ ಕಷ್ಟ. ಉಮರರ ಹಿರಿಮೆ ಈ ಎರಡನೆಯ ಕೆಲಸದಲ್ಲಿದೆ. ಯಾರಿಗೆಷ್ಟು ವೇತನವೆಂದು ಬರೆದಿಡುವ ದಿವಾನು ಅವರ ಏರ್ಪಾಡು. ಪೈಗಂಬರರು ಮದೀನೆಗೆ ವಲಸೆ ಬಂದ 622ನೆಯ ವರ್ಷದಿಂದ ಎಣಿಸುವ ಹಿಜರಿ ಶಕೆಯೂ ಅವರ ಕಾಲದ್ದೇ. ಸೈನಿಕರು ಹಳೆಯ ನಗರಗಳ ಜನರ ನಡುವೆ ನೆಲಸದಿರಲೆಂದು ಬಸ್ರಾ, ಕೂಫಾ ಎಂಬ ಹೊಸ ಪಾಳೆಯದ ಊರುಗಳು ಎದ್ದವು. ಜೆರೂಸಲೇಮು ಶರಣಾದಾಗ ಉಮರರೇ ಅಲ್ಲಿಗೆ ಹೋದರು. ಕ್ರೈಸ್ತರ ಪವಿತ್ರ ಸಮಾಧಿಯ ಇಗರ್ಜಿಯಲ್ಲಿದ್ದಾಗ ಪ್ರಾರ್ಥನೆಯ ಹೊತ್ತಾಯಿತು. ಅಲ್ಲಿಯೇ ಪ್ರಾರ್ಥಿಸಬಹುದೆಂದು ಧರ್ಮಗುರುವೇ ಹೇಳಿದರೂ ಉಮರರು ಹೊರಗೆ ಬಂದು ಪ್ರಾರ್ಥಿಸಿದರಂತೆ. ತಾವು ಒಳಗೆ ಪ್ರಾರ್ಥಿಸಿದರೆ ಮುಂದೊಂದು ದಿನ ತಮ್ಮವರು ಅದನ್ನೇ ನೆಪಮಾಡಿ ಇಗರ್ಜಿಯನ್ನು ಕಿತ್ತುಕೊಂಡಾರೆಂಬ ಅಂಜಿಕೆ ಅವರದು. ಕ್ರೈಸ್ತ ಇತಿಹಾಸಕಾರನೇ ಉಳಿಸಿಕೊಟ್ಟ ಈ ಐತಿಹ್ಯ ಆಳುವವನ ಮುಂದಾಲೋಚನೆ ಎಂಥದಿರಬೇಕೆಂಬುದನ್ನು ಸಾರುತ್ತದೆ.

644ರಲ್ಲಿ ಉಮರರು ಮಸೀದಿಯಲ್ಲಿಯೇ ಇರಿತಕ್ಕೆ ಸಿಕ್ಕಿ ಮರಣ ಹೊಂದಿದರು. ಸಾಯುವ ಮುನ್ನ ಅವರು ನೇಮಿಸಿದ ಆರು ಮಂದಿಯ ಸಮಿತಿ ಉಸ್ಮಾನರನ್ನು ಆರಿಸಿತು. ಕುರಾನಿನ ಏಕರೂಪದ ಪಾಠವನ್ನು ಸಿದ್ಧಪಡಿಸಿ ಪ್ರತಿಗಳನ್ನು ಪ್ರಾಂತಗಳಿಗೆ ಕಳುಹಿಸಿದ ಕೀರ್ತಿ ಉಸ್ಮಾನರದು. ಆದರೆ ಅಧಿಕಾರದಲ್ಲಿ ನೆಂಟರಿಗೆ ಮಣೆ ಹಾಕಿದರೆಂಬ ಅಸಮಾಧಾನ ಬೆಳೆಯಿತು. 656ರಲ್ಲಿ ದಂಗೆಕೋರರು ಮದೀನೆಯ ಅವರ ಮನೆಯನ್ನು ಮುತ್ತಿ ಅವರನ್ನು ಕೊಂದರು. ಕಾವಲಿಲ್ಲದ ಬಾಗಿಲು ಸರಳತೆಯ ಗುರುತೂ ಹೌದು, ಅಪಾಯದ ದಾರಿಯೂ ಹೌದು ಎಂಬುದು ಆ ದಿನ ತಿಳಿಯಿತು.

ಪೀಠ ಮದೀನೆಯನ್ನು ಬಿಟ್ಟಿತು

ನಾಲ್ಕನೆಯ ಖಲೀಫರು ಅಲಿ. ಪೈಗಂಬರರ ತಂದೆಯ ಸೋದರನ ಮಗ, ಮಗಳು ಫಾತಿಮಾರ ಪತಿ. ಒಳಜಗಳದ ನಡುವೆ ಬೆಂಬಲಿಗರನ್ನು ಅರಸಿ ಅವರು ಮದೀನೆಯಿಂದ ಇರಾಕಿನ ಕೂಫಾ ನಗರಕ್ಕೆ ತಮ್ಮ ನೆಲೆಯನ್ನು ಬದಲಿಸಿದರು. ಮದೀನೆ ಪುಣ್ಯಕ್ಷೇತ್ರವಾಗಿ ಉಳಿಯಿತು. ರಾಜಧಾನಿಯ ಪಟ್ಟ ಮಾತ್ರ ಅಲ್ಲಿಗೆ ಮತ್ತೆ ಮರಳಲಿಲ್ಲ. 661ರಲ್ಲಿ ಕೂಫಾದ ಮಸೀದಿಯಲ್ಲಿ ಅಲಿಯವರ ಮೇಲೆ ಖಡ್ಗದ ಪೆಟ್ಟು ಬಿತ್ತು. ಮೊದಲ ನಾಲ್ವರು ಖಲೀಫರಲ್ಲಿ ಮೂವರು ಹೀಗೆ ಕೊಲೆಗೀಡಾದರು.

ಆಗ ಸಿರಿಯಾದ ಅಧಿಪತಿ ಮುಆವಿಯಾ ಖಲೀಫರಾದರು. ಸುಮಾರು ಇಪ್ಪತ್ತು ವರ್ಷಗಳಿಂದ ಅವರ ಬೀಡು ಡಮಾಸ್ಕಸ್. ಪೀಠವೂ ಅಲ್ಲಿಗೆ ಬಂತು. ಮುಆವಿಯಾ ತಮ್ಮ ಬಳಿಕ ಮಗ ಯಜೀದನೇ ಖಲೀಫನೆಂದು ಗೊತ್ತುಮಾಡಿದರು. ಹಿರಿಯರ ಆಯ್ಕೆಯಿಂದ ಬರುತ್ತಿದ್ದ ಪದವಿ ತಂದೆಯಿಂದ ಮಗನಿಗೆ ಇಳಿಯುವ ಸ್ವತ್ತಾಯಿತು. ಅಲಿಯವರ ಮಗ ಹುಸೇನರು ಇದಕ್ಕೆ ತಲೆಬಾಗಲಿಲ್ಲ. ಕೂಫಾದ ಜನ ಬೆಂಬಲದ ಮಾತು ಕೊಟ್ಟು ಕರೆದರು. ಅವರು ಹೊರಟು ಬಂದಾಗ ಕೈಬಿಟ್ಟರು. 680ರಲ್ಲಿ ಕರ್ಬಲಾದ ಬಯಲಿನಲ್ಲಿ, ನದಿಯ ನೀರಿಗೂ ಅಡ್ಡಿಯಾಗಿ, ಹುಸೇನರು ತಮ್ಮ ಕೆಲವೇ ಜೊತೆಗಾರರೊಡನೆ ಮಡಿದರು.

ಈ ಒಂದು ಪ್ರಸಂಗವನ್ನು ಉತ್ತರ ಕರ್ನಾಟಕದ ಹಳ್ಳಿಗರಿಗೆ ಯಾವ ಪುಸ್ತಕವೂ ಹೇಳಿಕೊಡಬೇಕಾಗಿಲ್ಲ. ಮೊಹರಮ್ ಬಂತೆಂದರೆ ಊರೂರಿನಲ್ಲಿ ಪಂಜಾಗಳನ್ನು ಕೂರಿಸುತ್ತಾರೆ, ಅಲಾವಿಯ ಕೆಂಡ ಹೊತ್ತಿಸುತ್ತಾರೆ, ಹುಲಿವೇಷ ಕಟ್ಟುತ್ತಾರೆ. ಹರಕೆ ಹೊತ್ತವರಲ್ಲಿ ಹಿಂದೂಗಳೇನೂ ಕಡಿಮೆಯಲ್ಲ. ಮುಸಲ್ಮಾನರ ಮನೆಯೇ ಇಲ್ಲದ ಹಳ್ಳಿಗಳಲ್ಲಿ ಅವರೇ ಮುಂದೆ ನಿಂತು ಹಬ್ಬ ನಡೆಸುವುದುಂಟು. ಹಸನ್ ಹುಸೇನರ ಕಥೆಯನ್ನು ರಿವಾಯತ್ ಪದಗಳಲ್ಲಿ, ಕಾಲಿಗೆ ಗೆಜ್ಜೆ ಕಟ್ಟಿ, ಅಚ್ಚ ಕನ್ನಡದಲ್ಲಿ ಹಾಡುತ್ತಾರೆ. ಡಮಾಸ್ಕಸಿನ ಅರಮನೆ ಆ ಹಾಡುಗಾರರಿಗೆ ಬೇಕಾಗಿಲ್ಲ. ಬಾಯಾರಿ ಮಡಿದವರ ಸಂಕಟ ಅವರಿಗೆ ಬೇಕು.

ಡಮಾಸ್ಕಸಿನ ಖಲೀಫರು ಅರಸರಂತೆಯೇ ಬಾಳಿದರು, ಅರಸರಂತೆಯೇ ಕಟ್ಟಿದರು. ಅಬ್ದುಲ್ ಮಲಿಕ್ ಅರಬ್ಬಿಯನ್ನು ಆಡಳಿತ ಭಾಷೆ ಮಾಡಿ ಹೊಸ ನಾಣ್ಯ ಅಚ್ಚುಹಾಕಿಸಿದ. ಜೆರೂಸಲೇಮಿನ ಬಂಡೆಯ ಗುಮ್ಮಟ ಅವನದು. ಅವನ ಮಗ ವಲೀದ್ ಡಮಾಸ್ಕಸಿನ ಮಹಾ ಮಸೀದಿಯನ್ನು ಕಟ್ಟಿಸಿದ. ಆ ನಿವೇಶನದಲ್ಲಿ ಮೊದಲು ರೋಮಕರ ಗುರುದೇವತೆಯ ಗುಡಿ, ಆಮೇಲೆ ಸಂತ ಯೋಹಾನನ ಇಗರ್ಜಿ ಇದ್ದವು. ಖರ್ಜೂರದ ಗರಿಯ ಮಾಡಿಗೂ ಡಮಾಸ್ಕಸಿನ ಬಣ್ಣದ ಗಾಜುಹರಳಿನ ಗೋಡೆಗೂ ನಡುವೆ ನೂರು ವರ್ಷವೂ ಆಗಿರಲಿಲ್ಲ.

ಬಾದಾಮಿ ಮತ್ತು ಮಾನ್ಯಖೇಟ

ಖಲೀಫರ ಸೈನ್ಯ 712ರ ಹೊತ್ತಿಗೆ ಸಿಂಧನ್ನು ಗೆದ್ದಿತು. ಮುಂದೆ ಹಿಶಾಮ್ ಖಲೀಫನಾಗಿದ್ದಾಗ ಅರಬ್ಬರ ದಂಡು ಗುಜರಾತನ್ನು ದಾಟಿ ದಕ್ಷಿಣದ ಬಾಗಿಲಿಗೆ ಬಂತು. ಆಗ ಬಾದಾಮಿಯಲ್ಲಿ ಇಮ್ಮಡಿ ವಿಕ್ರಮಾದಿತ್ಯನ ಆಳ್ವಿಕೆ. ಚಾಲುಕ್ಯ ವಂಶದವನೇ ಆಗಿ ಲಾಟದೇಶವನ್ನಾಳುತ್ತಿದ್ದ ಅವನಿಜನಾಶ್ರಯ ಪುಲಕೇಶಿ ನವಸಾರಿಯ ಬಳಿ ಆ ದಂಡನ್ನು ಸೋಲಿಸಿ ಹಿಂದಟ್ಟಿದ. ಮೆಚ್ಚಿದ ಚಕ್ರವರ್ತಿ ಅವನಿಗೆ ‘ದಕ್ಷಿಣಾಪಥ ಸಾಧಾರ’ ಮೊದಲಾದ ಬಿರುದುಗಳನ್ನಿತ್ತನೆಂದು 739ರ ನವಸಾರಿ ತಾಮ್ರಪಟ ಹೇಳುತ್ತದೆ. ಖಲೀಫರ ಖಡ್ಗ ಕನ್ನಡದ ಅರಸರ ಖಡ್ಗಕ್ಕೆ ಹೀಗೆ ಎದುರಾಯಿತು.

750ರಲ್ಲಿ ಡಮಾಸ್ಕಸಿನ ಉಮಯ್ಯ ಮನೆತನ ಉರುಳಿ ಅಬ್ಬಾಸಿ ಮನೆತನ ತಲೆಯೆತ್ತಿತು. ತಪ್ಪಿಸಿಕೊಂಡ ಒಬ್ಬ ರಾಜಕುಮಾರ ಸ್ಪೇನಿಗೆ ಓಡಿ ಕಾರ್ಡೊವಾದಲ್ಲಿ ನೆಲೆಯೂರಿದ. ಅವನ ಸಂತತಿಯವನೊಬ್ಬ 929ರಲ್ಲಿ ತಾನೂ ಖಲೀಫನೆಂದು ಸಾರಿದ. ಇತ್ತ ಅಬ್ಬಾಸಿಗಳ ಮನ್ಸೂರ್ 762ರಲ್ಲಿ ಟೈಗ್ರಿಸ್ ನದಿಯ ದಂಡೆಯಲ್ಲಿ ಬಾಗ್ದಾದಿಗೆ ಅಡಿಪಾಯವಿಟ್ಟ. ಚಕ್ರದಂತೆ ದುಂಡಾದ ನಗರ. ಕೂಫಾ, ಬಸ್ರಾ, ಖುರಾಸಾನ, ಸಿರಿಯಾಗಳ ಹೆಸರಿನ ನಾಲ್ಕು ಬಾಗಿಲು. ಗುಂಬದಲ್ಲಿ ಹಸುರು ಗುಮ್ಮಟದ ಅರಮನೆ, ಮಸೀದಿ. ‘ಶಾಂತಿನಗರ’ವೆಂಬುದು ಮನ್ಸೂರನಿಟ್ಟ ಹೆಸರು. ಮದೀನೆಯಲ್ಲಿ ಖಲೀಫರು ಜನರ ಸಾಲಿನಲ್ಲಿ ಕುಳಿತಿದ್ದರು. ಬಾಗ್ದಾದಿನಲ್ಲಿ ಅವರನ್ನು ಕಾಣಲು ಗೋಡೆಯ ಮೇಲೆ ಗೋಡೆ ದಾಟಬೇಕಾಯಿತು.

ಆದರೂ ಆ ಗೋಡೆಗಳೊಳಗೆ ವಿದ್ಯೆಗೆ ಬಾಗಿಲು ತೆರೆದಿತ್ತು. ಭಾರತದ ಜ್ಯೋತಿಷ ಗ್ರಂಥ ಮನ್ಸೂರನ ಆಸ್ಥಾನಕ್ಕೆ ಬಂದು ಅರಬ್ಬಿಗಿಳಿಯಿತು. ಭಾರತದ ಅಂಕಿಗಳನ್ನೂ ಸೊನ್ನೆಯನ್ನೂ ಅಲ್ ಖ್ವಾರಿಜ್ಮಿ ವಿವರಿಸಿದ್ದು ಬಾಗ್ದಾದಿನಲ್ಲಿ. ಪಂಚತಂತ್ರದ ಕಥೆಗಳು ಪಹ್ಲವಿಯ ಮೂಲಕ ಸಾಗಿ ‘ಕಲೀಲ ಮತ್ತು ದಿಮ್ನ’ ಎಂಬ ಹೆಸರಿನಲ್ಲಿ ಅರಬ್ಬಿಯಾದವು. ಅದೇ ಬಗೆಯ ಕಥೆಗಳನ್ನು ಸುಮಾರು 1031ರಲ್ಲಿ ದುರ್ಗಸಿಂಹ ಕನ್ನಡಕ್ಕೆ ತಂದ. ಕರಟಕ ದಮನಕರೆಂಬ ನರಿಗಳು ಹೀಗೆ ಎರಡು ನಾಡುಗಳಲ್ಲಿಯೂ ಅರಸುಮಕ್ಕಳಿಗೆ ನೀತಿ ಹೇಳಿದವು.

ಹಾರೂನ್ ರಷೀದ್ ಬಾಗ್ದಾದನ್ನು ಬಿಟ್ಟು ಹಲವು ವರ್ಷ ರಕ್ಕಾದಲ್ಲಿ ವಾಸಿಸಿದ. ಅವನ ಮಗ ಮುಅತಸಿಮ್ 836ರಲ್ಲಿ ತನ್ನ ತುರ್ಕಿ ಸೈನಿಕರಿಗೂ ನಗರದ ಜನರಿಗೂ ಹೊಂದಿಕೆಯಾಗದೆ ಸಾಮರ್ರಾ ಎಂಬ ಹೊಸ ರಾಜಧಾನಿ ಕಟ್ಟಿದ. ಸುರುಳಿ ಸುತ್ತಿದ ಅಲ್ಲಿನ ಮಿನಾರು ಲೋಕಪ್ರಸಿದ್ಧ. ಖಲೀಫರು ಸಾಮರ್ರಾದಲ್ಲಿದ್ದ ಕಾಲದಲ್ಲಿ, 851ರಲ್ಲಿ, ಸುಲೈಮಾನನೆಂಬ ವರ್ತಕನ ಹೆಸರಿನಲ್ಲಿ ಬಂದ ವೃತ್ತಾಂತವೊಂದು ಲೋಕದ ನಾಲ್ವರು ಮಹಾರಾಜರನ್ನು ಹೆಸರಿಸುತ್ತದೆ. ಅರಬ್ಬರ ಖಲೀಫ, ಚೀನದ ಚಕ್ರವರ್ತಿ, ರೋಮಿನ ಅರಸ, ನಾಲ್ಕನೆಯವನು ‘ಬಲ್ಹರಾ’. ವಲ್ಲಭರಾಜನೆಂಬ ಬಿರುದು ಅರಬ್ಬರ ನಾಲಿಗೆಯಲ್ಲಿ ಪಡೆದ ರೂಪ ಅದು. ಆ ಕಾಲದ ವಲ್ಲಭರಾಜ ಯಾರು? ಮಾನ್ಯಖೇಟದಲ್ಲಿ ಕುಳಿತು ಕವಿರಾಜಮಾರ್ಗದ ಕಾಲವನ್ನು ಬೆಳಗಿದ ಅಮೋಘವರ್ಷ ನೃಪತುಂಗನೇ. ಕಲಬುರಗಿ ಜಿಲ್ಲೆಯ ಮಳಖೇಡದಲ್ಲಿ ಕಾಗಿಣಾ ನದಿಯ ದಡದ ಪಾಳುಕೋಟೆಯನ್ನು ನೋಡುವವರು ಈ ಮಾತನ್ನು ಮರೆಯಬಾರದು. ಬಾಗ್ದಾದಿಗೆ ಸರಿಸಮನಾಗಿ ಎಣಿಸಲ್ಪಟ್ಟ ಊರು ಅದು.

ಬಲ್ಹರಾನ ನಾಡಿನಲ್ಲಿ ಮುಸಲ್ಮಾನರಿಗೆ ಗೌರವವಿದೆ, ಮಸೀದಿಗಳಿವೆ ಎಂದು ಅರಬ್ಬಿ ಪ್ರವಾಸಿಗಳು ಬರೆದರು. ಅದಕ್ಕೆ ಸಾಕ್ಷಿಯಾಗಿ ಒಂದು ತಾಮ್ರಪಟವೂ ಇದೆ. 926ರ ಚಿಂಚಣಿ ಶಾಸನದಂತೆ, ಇಮ್ಮಡಿ ಕೃಷ್ಣನು ಕಡಲದಡದ ಸಂಜಾಣ ಪ್ರಾಂತಕ್ಕೆ ನೇಮಿಸಿದ ಅಧಿಕಾರಿ ಮಧುಮತಿಯೆಂಬ ‘ತಾಜಿಕ’. ಮಧುಮತಿಯೆಂದರೆ ಮುಹಮ್ಮದ್; ತಾಜಿಕನೆಂದರೆ ಅರಬ್ಬ. ಆತ ನದಿ ದಾಟುವವರಿಗೆ ಧರ್ಮಾರ್ಥ ದೋಣಿಯನ್ನೂ ಹಸಿದವರಿಗೆ ಅನ್ನಸತ್ರವನ್ನೂ ಏರ್ಪಡಿಸಿದ. ದೇವಿಯ ಮಠಿಕೆಯೊಂದಕ್ಕೆ ದತ್ತಿ ಸಂದದ್ದು ಅವನ ಅಧಿಕಾರದಲ್ಲಿಯೇ. ನವಸಾರಿಯ ಯುದ್ಧಕ್ಕೂ ಸಂಜಾಣದ ಸತ್ರಕ್ಕೂ ನಡುವೆ ಸುಮಾರು ಇನ್ನೂರು ವರ್ಷ. ಖಡ್ಗದಿಂದ ತೆರೆಯದ ಬಾಗಿಲು ವ್ಯಾಪಾರದಿಂದ, ನಂಬಿಕೆಯಿಂದ ತೆರೆದಿತ್ತು.

ಹೆಸರು ಉಳಿದ ಪೀಠ

ಹತ್ತನೆಯ ಶತಮಾನದ ನಡುವಿನಿಂದ ಬಾಗ್ದಾದಿನ ಖಲೀಫರ ಅಧಿಕಾರ ಸೇನಾನಾಯಕರ ಪಾಲಾಯಿತು. ಪದವಿಯ ಪಾವಿತ್ರ್ಯ ಮಾತ್ರ ಉಳಿಯಿತು. 1258ರಲ್ಲಿ ಮಂಗೋಲರ ಹುಲಗು ಬಾಗ್ದಾದನ್ನು ಸೂರೆಮಾಡಿ ಖಲೀಫನನ್ನು ಕೊಲ್ಲಿಸಿದ. ಅಬ್ಬಾಸಿ ವಂಶದ ಒಬ್ಬನನ್ನು 1261ರಲ್ಲಿ ಈಜಿಪ್ಟಿನ ಸುಲ್ತಾನ ಕೈರೋದಲ್ಲಿ ಖಲೀಫನೆಂದು ಕೂರಿಸಿದ. ರಾಜ್ಯವಿಲ್ಲದ ಆ ಖಲೀಫನ ಮುದ್ರೆಗೂ ಬೆಲೆಯಿತ್ತು. ದೆಹಲಿಯ ಮುಹಮ್ಮದ್ ಬಿನ್ ತುಘಲಕ್ ಕೈರೋದಿಂದ ಮನ್ನಣೆ ತರಿಸಿದ. ಕಲಬುರಗಿಯಲ್ಲಿ ಸ್ಥಾಪಿತವಾದ ಬಹಮನಿ ರಾಜ್ಯಕ್ಕೂ, ಎರಡನೆಯ ಸುಲ್ತಾನನ ತಾಯಿ ಮೆಕ್ಕಾ ಯಾತ್ರೆ ಹೋದಾಗ ಅಂಥದೇ ಮನ್ನಣೆ ದೊರೆಯಿತೆಂದು ಹೇಳುತ್ತಾರೆ.

ಬೆಳಗಾವಿಯ ಕೋಟೆಗೆ ಬಂದರೆ ಈ ಎಳೆಗಳೆಲ್ಲ ಕಲ್ಲಿನಲ್ಲಿ ಸಿಕ್ಕುತ್ತವೆ. ರಟ್ಟರ ಅಧಿಕಾರಿ ಬೀಚಣ 1204ರಲ್ಲಿ ಕಟ್ಟಿಸಿದ ಕಮಲ ಬಸದಿ ಇಲ್ಲಿದೆ. 1472ರಲ್ಲಿ ಬಹಮನಿಗಳ ಮಂತ್ರಿ ಮಹಮೂದ್ ಗವಾನ್ ಕೋಟೆಯನ್ನು ಮುತ್ತಿ ಗೆದ್ದ. ಬೀದರಿನ ಮದರಸವನ್ನು ಕಟ್ಟಿಸಿದ, ತುರ್ಕಿಯ ಸುಲ್ತಾನನೊಡನೆ ಪತ್ರವ್ಯವಹಾರ ನಡೆಸಿದ ಆ ಗವಾನನೇ ಇವನು. ಮುಂದೆ ಬಿಜಾಪುರದ ಆದಿಲಶಾಹಿಗಳ ಸರದಾರ ಅಸದ್ ಖಾನ್ ಲಾರಿ 1519ರಲ್ಲಿ ಸಫಾ ಮಸೀದಿಯನ್ನು ಕಟ್ಟಿಸಿದ. ಅದರೊಳಗಿನ ಕೆಲವು ಕಂಬಗಳು ಹಳೆಯ ಕಟ್ಟಡಗಳವು; ರಟ್ಟರ ನಾಲ್ಕನೆಯ ಕಾರ್ತವೀರ್ಯನ ಕಾಲದ, ಸೇವುಣರ ಕೃಷ್ಣನ ಕಾಲದ ಕನ್ನಡ ಶಾಸನಗಳನ್ನು ಅವು ಹೊತ್ತಿವೆ. ಜೆರೂಸಲೇಮಿನಲ್ಲಿ ಉಮರರು ಕಂಡ ಅಂಜಿಕೆ ಇಲ್ಲಿ ನೆನಪಾಗುವುದು ಸಹಜ. ಗೆದ್ದವರು ಕಂಬಗಳನ್ನು ಒಯ್ದರು. ಕಂಬಗಳು ತಮ್ಮ ಕನ್ನಡವನ್ನು ಬಿಡಲಿಲ್ಲ.

1517ರಲ್ಲಿ ಈಜಿಪ್ಟನ್ನು ಗೆದ್ದ ತುರ್ಕಿ ಸುಲ್ತಾನ ಕೈರೋದ ಖಲೀಫನನ್ನು ಇಸ್ತಾಂಬುಲಿಗೆ ಕರೆದೊಯ್ದ. ಕಾಲಕ್ರಮದಲ್ಲಿ ಸುಲ್ತಾನರೇ ಖಲೀಫರೆನಿಸಿದರು. ಅವರ ಮನ್ನಣೆಯನ್ನೂ ಸಹಾಯವನ್ನೂ ಬಯಸಿ ಟಿಪ್ಪು ಸುಲ್ತಾನ 1786ರಲ್ಲಿ ಉತ್ತರ ಕನ್ನಡದ ತದಡಿ ಬಂದರಿನಿಂದ ರಾಯಭಾರಿಗಳನ್ನು ಹಡಗು ಹತ್ತಿಸಿದ. ರೋಗದಿಂದ, ಚಳಿಯಿಂದ ದಾರಿಯುದ್ದಕ್ಕೂ ಜನ ಸತ್ತರು. ಉಳಿದವರು ಗೌರವದ ಉಡುಗೊರೆಗಳನ್ನೂ ಮನ್ನಣೆಯನ್ನೂ ತಂದರು. ಸೈನ್ಯದ ಸಹಾಯ ಮಾತ್ರ ಬರಲಿಲ್ಲ.

ವಿಜಯನಗರದ ಚಪ್ಪರ, ಪಂಪಾ ಸರೋವರ

ಮೊದಲ ಮಹಾಯುದ್ಧದಲ್ಲಿ ತುರ್ಕಿ ಸೋತಿತು. ಖಲೀಫರ ಪೀಠಕ್ಕೂ ಪುಣ್ಯಕ್ಷೇತ್ರಗಳಿಗೂ ಅಪಾಯ ಬಂದೀತೆಂದು ಭಾರತದ ಮುಸಲ್ಮಾನರು ಕಳವಳಗೊಂಡರು. ಅಲಿ ಸಹೋದರರು ಮುಂದಾದರು. ಗಾಂಧೀಜಿ ಅವರ ಕೈಹಿಡಿದರು. ನೆರೆಯವನ ದುಃಖದಲ್ಲಿ ಪಾಲುಗೊಂಡರೆ ಒಗ್ಗಟ್ಟು ತಾನಾಗಿ ಬರುವುದೆಂಬುದು ಅವರ ನಂಬುಗೆ. ಖಿಲಾಫತ್, ಅಸಹಕಾರ ಎರಡೂ ಒಂದೇ ಪ್ರವಾಹವಾಗಿ ಹರಿದವು. ಆದರೆ 1924ರ ಹೊತ್ತಿಗೆ ಆ ನೀರು ಇಳಿದಿತ್ತು. ಖಲೀಫರ ಪೀಠ ರದ್ದಾಯಿತು; ಸೆಪ್ಟೆಂಬರಿನಲ್ಲಿ ಕೋಹಾಟಿನಲ್ಲಿ ಭೀಕರ ಗಲಭೆ. ಗಾಂಧೀಜಿ ದೆಹಲಿಯಲ್ಲಿ ಮೌಲಾನಾ ಮುಹಮ್ಮದ್ ಅಲಿಯವರ ಮನೆಯಲ್ಲಿಯೇ 21 ದಿನಗಳ ಉಪವಾಸ ಆರಂಭಿಸಿದರು.

ಅದೇ ಮೌಲಾನಾ, ಹಿಂದಿನ ವರ್ಷದ ಅಧ್ಯಕ್ಷರಾಗಿ, ಬೆಳಗಾವಿಯಲ್ಲಿ ಗಾಂಧೀಜಿಗೆ ಅಧ್ಯಕ್ಷ ಪದವಿಯನ್ನು ಒಪ್ಪಿಸಿದರು. ಗಂಗಾಧರರಾವ್ ದೇಶಪಾಂಡೆಯವರ ದುಡಿಮೆಯಿಂದ ಟಿಳಕವಾಡಿಯ ಬಯಲಿನಲ್ಲಿ ಎದ್ದ ಬಿಡಾರಕ್ಕೆ ವಿಜಯನಗರವೆಂದು ಹೆಸರು. ಜನರ ನೀರಿಗಾಗಿ ತೋಡಿದ ಬಾವಿಗೆ ಪಂಪಾ ಸರೋವರವೆಂದು ಹೆಸರು. ಡಿಸೆಂಬರ್ 26, 27ರಂದು ಅಧಿವೇಶನ ನಡೆಯಿತು. ಕರ್ನಾಟಕ ಏಕೀಕರಣ ಪರಿಷತ್ತೂ ಆಗಲೇ ಸೇರಿ, ಹುಯಿಲಗೋಳ ನಾರಾಯಣರಾಯರ ನಾಡಗೀತೆ ಮೊಳಗಿತು. ಅಖಿಲ ಭಾರತ ಖಿಲಾಫತ್ ಸಮ್ಮೇಳನವೂ ಅದೇ ಊರಿನಲ್ಲಿ, ಅಮೃತಸರದ ಡಾಕ್ಟರ್ ಸೈಫುದ್ದೀನ್ ಕಿಚ್ಲೂ ಅವರ ಅಧ್ಯಕ್ಷತೆಯಲ್ಲಿ ಕೂಡಿತು. ಒಂದು ಸಭೆ ಇನ್ನೂ ಹುಟ್ಟದ ರಾಜ್ಯವನ್ನು ಕುರಿತು ಮಾತಾಡಿತು. ಇನ್ನೊಂದು ಆಗಲೇ ಇಲ್ಲವಾದ ಪೀಠವನ್ನು ಕುರಿತು.

ಪೀಠ ಹೋದ ಮೇಲೆ ಜೊತೆಗೂಡಿದ ಕೈಗಳು ಜೊತೆಯಾಗಿಯೇ ಉಳಿದಾವೆ? ಬೆಳಗಾವಿಯ ಮುಂದಿದ್ದ ನಿಜವಾದ ಪ್ರಶ್ನೆ ಅದು. ಚರಿತ್ರೆ ಅದಕ್ಕೆ ಸಿಹಿಯಾದ ಉತ್ತರ ಕೊಡಲಿಲ್ಲ. ಖಿಲಾಫತ್ ಸಮಿತಿಗಳು ಬಡವಾದವು. ಅಲಿ ಸಹೋದರರು ಕೆಲವೇ ವರ್ಷಗಳಲ್ಲಿ ಗಾಂಧೀಜಿಯಿಂದ ದೂರ ಸರಿದರು. 1947ರಲ್ಲಿ ದೇಶವೇ ಎರಡಾಯಿತು. ಕಿಚ್ಲೂ ಅವರು ಮಾತ್ರ ವಿಭಜನೆಯನ್ನು ಕೊನೆಯವರೆಗೂ ಒಪ್ಪದೆ ಭಾರತದಲ್ಲಿಯೇ ಉಳಿದರು.

ಕೊನೆಯ ಖಲೀಫ ಅಬ್ದುಲ್ ಮಜೀದರ ಕಥೆಯೂ ಮನ ಮಿಡಿಯುವಂಥದು. ಇಸ್ತಾಂಬುಲಿನಿಂದ ಗಡೀಪಾರಾದ ಅವರು ಫ್ರಾನ್ಸಿನಲ್ಲಿ ನೆಲಸಿದರು. ಹೈದರಾಬಾದಿನ ನಿಜಾಮರು ಅವರಿಗೆ ಮಾಸಾಶನ ಕಳುಹಿಸಿದರು. 1931ರಲ್ಲಿ ಖಲೀಫರ ಮಗಳು ನಿಜಾಮರ ಹಿರಿಯ ಸೊಸೆಯಾದರು. ಕಲಬುರಗಿ, ಬೀದರ, ರಾಯಚೂರುಗಳು ಆಗ ನಿಜಾಮರ ರಾಜ್ಯದಲ್ಲಿಯೇ ಇದ್ದವು. 1944ರಲ್ಲಿ ಪ್ಯಾರಿಸಿನಲ್ಲಿ ಅಬ್ದುಲ್ ಮಜೀದರು ತೀರಿಕೊಂಡಾಗ ತಾಯ್ನಾಡಿನಲ್ಲಿ ಮಣ್ಣು ಸಿಗಲಿಲ್ಲ. ಹತ್ತು ವರ್ಷ ಕಾದ ಮೇಲೆ, 1954ರಲ್ಲಿ, ಅವರ ದೇಹವನ್ನು ಮದೀನೆಯಲ್ಲಿ ಹೂಳಲಾಯಿತು. ಬಟ್ಟೆಯ ಗಂಟು ಹೊತ್ತು ಪೇಟೆಗೆ ಹೊರಟ ಮೊದಲ ಖಲೀಫರ ಊರಿಗೆ, ರಾಜ್ಯವಿಲ್ಲದ ಕೊನೆಯ ಖಲೀಫರು ಹೀಗೆ ಮರಳಿದರು.

ಹಿಂದಿರುಗುವ ಗಾಡಿ

ಬೆಳಗಾವಿಯಲ್ಲಿ ಇಂದು ಹೊಸದೊಂದು ಪೀಠವೂ ಇದೆ. 2012ರಲ್ಲಿ ಉದ್ಘಾಟನೆಯಾದ ಸುವರ್ಣ ವಿಧಾನಸೌಧದಲ್ಲಿ ಚಳಿಗಾಲದ ಅಧಿವೇಶನ ಸೇರುತ್ತದೆ. ರಾಜಧಾನಿಯೇ ಕೆಲವು ದಿನ ಗಡಿಯ ಜನರ ಬಳಿಗೆ ಬಂದಂತೆ. ಆಳುವವರ ನೆಲೆ ಜನರಿಗೆಷ್ಟು ಹತ್ತಿರವಿರಬೇಕೆಂಬ ಮದೀನೆಯ ಪ್ರಶ್ನೆ ಹಳೆಯದಾಗಿಲ್ಲ. ಟಿಳಕವಾಡಿಯಲ್ಲಿ ಪಂಪಾ ಸರೋವರದ ಬಾವಿ, ಈಗಿನ ಕಾಂಗ್ರೆಸ್ ಬಾವಿ, ಇನ್ನೂ ಇದೆ.

ಬೆಳಗಾವಿಯಿಂದ ಹಿಂದಿರುಗುವ ಗಾಡಿ ಖಾನಾಪುರವನ್ನು ದಾಟುತ್ತದೆ. ನಂದಗಡದಾಚೆ ಹಲಸಿ. ಕಂಚಿಯ ಅರಸನನ್ನು ಸೋಲಿಸಿ ಪಲಾಶಿಕದಲ್ಲಿ ನೆಲೆಗೊಂಡ ಕದಂಬ ರವಿವರ್ಮನ ಅರಮನೆಯ ಗುರುತು ಇಂದು ಅಲ್ಲಿಲ್ಲ. ಅವನ ತಾಮ್ರಪಟದ ಮಾತು ಉಳಿದಿದೆ: ಮಳೆಗಾಲದ ನಾಲ್ಕು ತಿಂಗಳು ಯತಿಗಳಿಗೆ ಊಟ ನಡೆಯಬೇಕು. ಖಾನಾಪುರ ಸೀಮೆಯ ಮಳೆ ಕಂಡವರಿಗೆ ಆ ಕಟ್ಟಳೆಯ ಕರುಣೆ ಚೆನ್ನಾಗಿ ಅರ್ಥವಾಗುತ್ತದೆ. ರವಿವರ್ಮನ ಅನ್ನದಾನ, ಸಂಜಾಣದ ಮಧುಮತಿಯ ದೋಣಿ, ಟಿಳಕವಾಡಿಯ ಬಾವಿ ಇವೆಲ್ಲ ಒಂದೇ ಸಾಲಿಗೆ ಸೇರತಕ್ಕವು.

ಅಷ್ಟರಲ್ಲಿ ಕಾಡು ಮತ್ತೆ ಕವಿಯುತ್ತದೆ. ಗಾಡಿಯ ವೇಗ ತಗ್ಗುತ್ತದೆ. ಮಾವುಲಿ ದೇವಿಯ ಊರಿನ ಸಣ್ಣ ನಿಲ್ದಾಣ ಬಂದು, ಇಳಿಯುವ ನಾಲ್ಕಾರು ಮಂದಿ ತಮ್ಮ ಗಂಟುಮೂಟೆಗಳೊಡನೆ ಇಳಿದು ಗದ್ದೆಯ ಬದುವಿನಲ್ಲಿ ಮನೆಯ ದಾರಿ ಹಿಡಿಯುತ್ತಾರೆ.